ನೆಲದಿಂದ ಆರು ಬೆರಳು

“ಇನ್ನೂ ಒಂದು ಬೆರಳು ಇದೆ ಸಾರ್, ಬನ್ನಿ ಬನ್ನಿ,” ಎಂದ ಕೈಲಾಸ್, ನಡುರಸ್ತೆಯಲ್ಲಿ ಬೋರಲು ಮಲಗಿಕೊಂಡು.

“ಬೆರಳು ಅಡ್ಡ ಹಿಡಿದಿದ್ದೀಯೋ, ಉದ್ದ ಹಿಡಿದಿದ್ದೀಯೋ?”

“ಅಡ್ಡ ಸಾರ್.”

ಮಾಧವ ಬ್ರೇಕಿನ ಮೇಲಿದ್ದ ಕಾಲನ್ನು ಒಂದಿಷ್ಟೇ ಸಡಿಲಿಸಿದ. ಹಳದಿ ಸ್ಪೋರ್ಟ್ಸ್ ಕಾರು ಮೂರಂಗುಲ ಮುಂದೆ ಸರಿದು ನಿಂತಿತು. ಹಂಪಿನ ಮೇಲೆ ಅದು ಓರೆಯಾಗಿ ನಿಂತಿತ್ತು. ನೇರವಾಗಿ ಹತ್ತಿಸಿದರೆ ಮೂತಿ ತಗುಲುತ್ತದೆ, ಮೂತಿ ದಾಟಿದರೆ ಹೊಟ್ಟೆ ತಗುಲುತ್ತದೆ. ಹಾಗಾಗಿ ಮಗುವಿಗೆ ಮೆಟ್ಟಿಲು ಹತ್ತಿಸುವ ಹಾಗೆ ಒಂದೊಂದೇ ಚಕ್ರವನ್ನು ದಾಟಿಸಬೇಕು. ಓರೆಯಾಗಿ ನಿಂತಾಗ ಜಯನಗರದ ಆ ಅಡ್ಡರಸ್ತೆಯಲ್ಲಿ ಈ ಮೋರಿಯಿಂದ ಆ ಮೋರಿಯವರೆಗೂ ಕಾರೇ. ಹಿಂದೆ ಎರಡು ಆಟೋ, ಒಂದು ಸ್ಕೂಲ್ ವ್ಯಾನು, ಒಂದು ನೀರಿನ ಟ್ಯಾಂಕರು ಸಾಲಾಗಿ ಹಾರ್ನು ಹೊಡೆಯುತ್ತಿದ್ದವು.

ಟ್ಯಾಂಕರಿನವನು ಇಳಿದು ಬಂದ. ಮಲಗಿದ್ದ ಕೈಲಾಸನನ್ನು ನೋಡಿ ತಲೆಗೆ ಕಟ್ಟಿದ್ದ ಟವೆಲನ್ನು ಬಿಚ್ಚಿದ.

“ಹೋಗ್ಬಿಟ್ರಾ ಅಣ್ಣ?”

“ಇಲ್ಲ. ಅಳತೆ ತಗೋತಿದಾರೆ,” ಎಂದ ಮಾಧವ.

ಟ್ಯಾಂಕರಿನವನು ಟವೆಲನ್ನು ಮತ್ತೆ ತಲೆಗೆ ಕಟ್ಟಿಕೊಂಡು ಹೋಗಿ ಹಾರ್ನು ಮುಂದುವರಿಸಿದ.

ಅದು ಬೆಳಗಿನ ಐದನೇ ಹಂಪು. ಗಂಟೆ ಒಂಬತ್ತೂ ನಲವತ್ತು. ಶುಕ್ರವಾರವಾದ್ದರಿಂದ ಹತ್ತೂವರೆಗೆ ರಾಹುಕಾಲ ಶುರು. ಅಷ್ಟರೊಳಗೆ ಕಾರು ಜರಗನಹಳ್ಳಿಯ ಸಿದ್ದಲಿಂಗಯ್ಯನವರ ಗೇಟಿನೊಳಗೆ ಇರಬೇಕು, ಮೈಮೇಲೆ ಒಂದು ಗೆರೆಯೂ ಇರಬಾರದು. ಹಾಗೆಂದು ಸಿದ್ದಲಿಂಗಯ್ಯ ಹೇಳಿದ್ದರು. ಕಾರನ್ನು ಅವರು ಮಗ ಕೈಲಾಸನಿಗೆಂದು ಜಯನಗರದ ಒಬ್ಬ ಬಿಲ್ಡರನಿಂದ ಕೊಂಡಿದ್ದರು. ಮಾರಿದವನು ಗೇಟಿನವರೆಗೂ ಬಂದು, ಕೈ ಬೀಸಿ, ನಗುನಗುತ್ತ ಕಳಿಸಿಕೊಟ್ಟಿದ್ದ. ಅಷ್ಟು ನಗು ಯಾಕೆಂದು ಮಾಧವನಿಗೆ ಮೊದಲನೇ ಹಂಪಿನಲ್ಲೇ ಗೊತ್ತಾಗಿತ್ತು.

ಕೈಲಾಸನ ಹತ್ತಿರ ಇದ್ದದ್ದು ಬರೀ ಎಲ್‌ಎಲ್‌ಆರ್. ಟೆಸ್ಟಿನಲ್ಲಿ ಅವನು ಎರಡು ಸಲ ಫೇಲಾಗಿದ್ದ. ಎರಡು ಸಲವೂ ಪಾಪ ಮಾಧವನೇ ಕಲಿಸಿದ್ದ. ಮಾಧವ ಹತ್ತೊಂಬತ್ತು ವರ್ಷದಿಂದ ಬನಶಂಕರಿಯ ವಿಷ್ಣುವಿನ ಡ್ರೈವಿಂಗ್ ಸ್ಕೂಲಿನಲ್ಲಿ ಮೇಷ್ಟ್ರು. ಜೆ.ಪಿ. ನಗರದಲ್ಲಿ ಸರಿಯಾಗಿ ಇಂಡಿಕೇಟರ್ ಹಾಕಿ ತಿರುಗುವ ಹೆಂಗಸರೆಲ್ಲ ಅವನ ಶಿಷ್ಯೆಯರೇ. ಈಗ ಅವನಿಗೆ ಸ್ವಂತದ್ದೊಂದು ಸ್ಕೂಲು ಬೇಕಾಗಿತ್ತು. ಸಿದ್ದಲಿಂಗಯ್ಯನವರ ಕಟ್ಟಡದ ಕೆಳಗೆ, ಗೇಟಿನ ಪಕ್ಕಕ್ಕೇ, ಒಂದು ಅಂಗಡಿ ಖಾಲಿ ಇತ್ತು. ಅದರ ಬೀಗದ ಕೈ ಸಿದ್ದಲಿಂಗಯ್ಯನವರ ಸೊಂಟದ ಗೊಂಚಲಿನಲ್ಲಿ ಇತ್ತು. ಹದಿನಾಲ್ಕು ತಿಂಗಳಿಂದ ಮಾಧವ ಆ ಗೊಂಚಲಿನ ಹಿಂದೆ ಓಡಾಡುತ್ತಿದ್ದ. ಕಾರ್ತೀಕ ಕಳೆಯಲಿ ಎಂದರು, ಕಳೆಯಿತು. ಸುಣ್ಣಬಣ್ಣ ಆಗಲಿ ಎಂದರು, ಆಯಿತು. ಈ ನಡುವೆ ಮಾಧವ ಆ ಅಂಗಡಿಯನ್ನು ಟೇಪು ಹಿಡಿದು ಹನ್ನೊಂದು ಸಲ ಅಳೆದಿದ್ದ. ಷಟರ್ ಹತ್ತಡಿ, ಆಳ ಹದಿನೇಳು. ಸ್ಕೂಟರ್ ಕಲಿಯಲು ಬರುವವರಿಗೆ ಅನುಕೂಲವಾಗಲೆಂದು ಎದುರಿನ ಎರಡು ಮೆಟ್ಟಿಲು ಒಡೆಸಿ, ರಸ್ತೆಯ ಮಟ್ಟಕ್ಕೆ ನಯವಾಗಿ ಸಿಮೆಂಟು ಮಾಡಿಸಿದ್ದೂ ಅವನೇ. ‘ಮಾಧವ ಮೋಟಾರ್ ಡ್ರೈವಿಂಗ್ ಸ್ಕೂಲ್’ ಎಂಬ ಬೋರ್ಡು ಬರೆಸಿ ಅಂಗಡಿಯ ಒಳಗೋಡೆಗೆ ಒರಗಿಸಿದ್ದಾಗಿತ್ತು.

“ಕಾರನ್ನ ಒಂದು ಗೆರೆ ಬೀಳದ ಹಾಗೆ ಮನೆ ಒಳಗೆ ತಂದ್ಬಿಡಿ ಮೇಷ್ಟ್ರೇ,” ಎಂದಿದ್ದರು ಸಿದ್ದಲಿಂಗಯ್ಯ. “ಇವತ್ತೇ ಅಂಗಡಿ ಕೀ ನಿಮ್ಮ ಕೈಗೆ.”

ನಾಲ್ಕನೇ ಚಕ್ರವೂ ಹಂಪಿನಿಂದ ಇಳಿಯಿತು. ಕೈಲಾಸ್ ಎದ್ದು, ರೇಷ್ಮೆ ಜುಬ್ಬಾದ ಧೂಳು ಕೊಡವಿ, ಬಾಗಿಲು ತೆಗೆದು ಒಳಗೆ ಬಿದ್ದ. ಆ ಕಾರಿನಲ್ಲಿ ಕೂರುವುದೆಂದರೆ ಬೀಳುವುದೇ. ಇಳಿಯುವಾಗ ಸಂಪು ತೊಳೆದು ಮೇಲೆ ಬಂದವರ ಹಾಗೆ ಕೈಯೂರಿ, ಒಂದು ಮಂಡಿ ಆಚೆ ಇಟ್ಟು ಬರಬೇಕು. ಇರುವುದೇ ಎರಡು ಸೀಟು. ಕೈಲಾಸ್ ತೊಂಬತ್ನಾಲ್ಕು ಕೆಜಿ. ಅವನು ಕೂತರೆ ನೆಲಕ್ಕೂ ಕಾರಿಗೂ ನಡುವೆ ಐದು ಬೆರಳು, ಇಳಿದರೆ ಆರು. ಆದ್ದರಿಂದ ಪ್ರತಿ ಹಂಪಿಗೂ ಅವನು ಇಳಿಯಬೇಕು, ಇಳಿದ ಮೇಲೆ ಮಲಗಬೇಕು.

“ಹಸಿವಾಗ್ತಿದೆ ಸಾರ್,” ಎಂದ ಕೈಲಾಸ್.

“ತಿನ್ನಬೇಡ,” ಎಂದ ಮಾಧವ. “ಇನ್ನೂ ಆರು ಹಂಪಿದೆ.”

ಸೀಟು ಎಷ್ಟು ಕೆಳಗಿತ್ತೆಂದರೆ ಆಟೋಗಳ ಬೆನ್ನ ಮೇಲಿನ ಬರಹ ಮಾಧವನಿಗೆ ಕಾಣುತ್ತಲೇ ಇರಲಿಲ್ಲ. ಅವನು ಮಡ್‌ಫ್ಲ್ಯಾಪಿನ ಅಕ್ಷರ ಓದುತ್ತ ಹೋದ. ಮೂತಿ ಎಲ್ಲಿಗೆ ಮುಗಿಯುತ್ತದೆಂಬುದು ಅಂದಾಜಿನ ವಿಷಯ. ಹಿಂದಿನ ಗಾಜು ಅಂಚೆ ಪೆಟ್ಟಿಗೆಯ ಬಾಯಿಯಷ್ಟಿತ್ತು. ಅಗಲ ಆರೂವರೆ ಅಡಿ. ಪಕ್ಕದಲ್ಲಿ ಸ್ಕೂಟರಿನವರು ಬಂದರೆ ಅವರ ಮೊಣಕಾಲು ಮಾಧವನ ಕಿವಿಯ ನೇರಕ್ಕೆ ಬರುತ್ತಿತ್ತು.

ಬನಶಂಕರಿ ಬಸ್‌ಸ್ಟ್ಯಾಂಡಿನ ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಪರಿಚಯದ ಕಾರೊಂದು ಬಂದು ನಿಂತಿತು. ಎಡಗಡೆ ಸೀಟಿನಿಂದ ವಿಷ್ಣು ಕೆಳಕ್ಕೆ ಬಗ್ಗಿ ನೋಡಿದ, ಬಾವಿಯಲ್ಲಿ ಬಿದ್ದ ಬಿಂದಿಗೆಯನ್ನು ನೋಡುವ ಹಾಗೆ.

“ಏನ್ ಮಾಧವ, ಅಲ್ಲಿ ಕೆಳಗೆ ಏನ್ ಮಾಡ್ತಿದ್ದೀಯಾ?”

“ಸ್ವಲ್ಪ ಕೆಲಸ ಇತ್ತು ಗುರು.”

“ಸೋಮವಾರದಿಂದ ಬರಲ್ಲ ಅಂತ ನಿನ್ನೆ ಫೋನ್ ಮಾಡಿದ್ಯಲ್ಲ, ಸೋಮವಾರದವರೆಗೂ ಯಾಕೆ ಕಾಯೋದು ಅಂತ ಮನೋಜ್‌ನ ಇವತ್ತೇ ಸೇರಿಸ್ಕೊಂಡೆ. ಒಳ್ಳೇ ಹುಡುಗ. ಬರ್ತೀನಿ ಅಂತ ಹತ್ತು ವರ್ಷದಿಂದ ಕೇಳ್ತಿದ್ದ.” ವಿಷ್ಣು ಕಾರಿನ ಉದ್ದಕ್ಕೂ ಕಣ್ಣಾಡಿಸಿದ. “ಇದಕ್ಕೆ ಎಲ್ ಬೋರ್ಡು ಎಲ್ಲಿ ಅಂಟಿಸ್ತೀಯಾ?”

ಸಿಗ್ನಲ್ ಬಿಟ್ಟಿತು. ಮಾಧವ ಕನಕಪುರ ರಸ್ತೆಗೆ ತಿರುಗಿಸಿದ.

ಆಗ ಒಂದು ಸಂಗತಿ ನಡೆಯಿತು. ಅದು ಹೇಗೋ, ಆ ತಿರುವಿನಲ್ಲಿ ಮುಂದೆ ಯಾರೂ ಇರಲಿಲ್ಲ. ಬಸ್ಸಿಲ್ಲ, ತಳ್ಳುಗಾಡಿಯಿಲ್ಲ. ಮಾಧವ ಸ್ಟಿಯರಿಂಗನ್ನು ಒಂದು ಗೇಣು ತಿರುಗಿಸಿದ ಅಷ್ಟೇ. ಕಾರು ವಾಲಲಿಲ್ಲ, ಹಿಂದುಮುಂದು ನೋಡಲಿಲ್ಲ. ಅಗಲವಾಗಿ ಕಾಲೂರಿ, ಹೊಟ್ಟೆಯನ್ನು ನೆಲಕ್ಕೆ ಒತ್ತಿಕೊಂಡು, ಬೆಣ್ಣೆಯ ಮೇಲೆ ಚಾಕು ಹೋದ ಹಾಗೆ ತಿರುಗಿತು. ಹತ್ತೊಂಬತ್ತು ವರ್ಷದಲ್ಲಿ ಅವನು ಸಾವಿರಾರು ಸಲ ತಿರುಗಿದ್ದ ತಿರುವು ಅದು. ಅಲ್ಲಿ ಒಂದು ತಿರುವಿದೆ ಎಂದು ಅವನಿಗೆ ಗೊತ್ತಾದದ್ದು ಅವತ್ತೇ. ಇದನ್ನು ಇಷ್ಟು ತಗ್ಗಾಗಿ, ಇಷ್ಟು ಅಗಲವಾಗಿ ಯಾಕೆ ಮಾಡಿದ್ದಾರೆಂಬುದು ನಾಲ್ಕು ಸೆಕೆಂಡು ಸ್ಪಷ್ಟವಾಗಿ ಅರ್ಥವಾಯಿತು. ಐದನೇ ಸೆಕೆಂಡಿಗೆ ಎದುರು ಒಂದು ಗುಂಡಿ ಬಂತು.

“ಇಳಿ,” ಎಂದ ಮಾಧವ.

“ಗುಂಡಿಗೂನಾ ಸಾರ್?”

“ಗುಂಡಿಗೂನೂ.”

ಹತ್ತೂ ಹದಿನೆಂಟಕ್ಕೆ ಜರಗನಹಳ್ಳಿಯ ಅಡ್ಡರಸ್ತೆಗೆ ಬಂದರು. ಸಿದ್ದಲಿಂಗಯ್ಯನವರ ಮನೆ ಎದುರಿಗೇ ಕೊನೆಯ ಹಂಪು ಇತ್ತು. ಅದು ಮಿಕ್ಕ ಹಂಪುಗಳ ತಾತನ ಹಾಗಿತ್ತು. ಹೋದ ವರ್ಷ ಬೈಕಿನ ಹುಡುಗರ ಕಾಟ ಜಾಸ್ತಿಯಾಯಿತೆಂದು ಸಿದ್ದಲಿಂಗಯ್ಯನವರೇ ಮುಂದೆ ನಿಂತು, ಎರಡು ಮೂಟೆ ಸಿಮೆಂಟು ಹೆಚ್ಚಿಗೆ ಹಾಕಿಸಿ ಕಟ್ಟಿಸಿದ್ದರು. ಅದರ ಆಚೆ ಅವರು ಬಿಳೀ ಪಂಚೆ ಉಟ್ಟು, ಹಣೆಗೆ ವಿಭೂತಿ ಬಳಿದು, ಹೆಂಡತಿ ಕಮಲಾದೇವಿ, ಪೂಜೆಯ ಅಯ್ಯನವರು ಮತ್ತು ಒಂದು ಬೂದುಗುಂಬಳಕಾಯಿಯ ಜೊತೆ ನಿಂತಿದ್ದರು.

ಕೈಲಾಸ್ ಮಲಗಿದ. ಎದ್ದ.

“ಬೆರಳೇ ಹೋಗಲ್ಲ ಸಾರ್.”

ಮಹಡಿ ಮನೆಯ ಬಾಡಿಗೆದಾರ ಚಕ್ರಪಾಣಿ ಬಾಲ್ಕನಿಯಿಂದ ಇಳಿದು ಬಂದರು. ರಿಟೈರಾದ ಎಂಜಿನಿಯರ್; ರಸ್ತೆಯಲ್ಲಿ ಯಾರು ಸೈಕಲ್ ಚೈನು ಹಾಕಿಕೊಳ್ಳುತ್ತಿದ್ದರೂ ಸಲಹೆ ಕೊಡಲು ಇಳಿದು ಬರುವವರು. ಹಂಪನ್ನು ಒಮ್ಮೆ, ಕಾರನ್ನು ಒಮ್ಮೆ ನೋಡಿದರು.

“ಇಬ್ಬರಲ್ಲಿ ಒಬ್ಬರು ತಪ್ಪು ಕಟ್ಟಿದಾರೆ,” ಎಂದರು.

“ಹಂಪು ನಾನು ಕಟ್ಸಿದ್ದು ಸಾರ್,” ಎಂದರು ಸಿದ್ದಲಿಂಗಯ್ಯ.

“ಹಾಗಾದ್ರೆ ಕಾರು.”

ಎದುರು ಸೈಟಿನಲ್ಲಿ ಕಟ್ಟಡದ ಕೆಲಸ ನಡೆಯುತ್ತಿತ್ತು. ಅಲ್ಲಿಂದ ಸೆಂಟ್ರಿಂಗ್ ಹಲಗೆಗಳು ಬಂದವು. ಹಂಪಿನ ಈಚೆ ಎರಡು, ಆಚೆ ಎರಡು, ಕೆಳಗೆ ಮರಳಿನ ಮೂಟೆ. ಮೂಲೆಯಲ್ಲಿ ಹೂ ಮಾರುವ ಸಪ್ಪಲಮ್ಮ ಬುಟ್ಟಿ ಬಿಟ್ಟು ಬಂದು, ಹಲಗೆ ಜಾರದ ಹಾಗೆ ತುದಿಯ ಮೇಲೆ ನಿಂತಳು. ಮಾಧವನ ಬೆನ್ನು ಒದ್ದೆಯಾಗಿತ್ತು. ಹಲಗೆ ಕಿರುಗುಟ್ಟಿತು. ಕಾರು ಹತ್ತಿತು, ಇಳಿಯಿತು. ಒಂದು ಗೆರೆ ಇಲ್ಲ.

ಹತ್ತೂ ಇಪ್ಪತ್ತಾರು.

ಗೇಟು ಅಗಲವಾಗಿ ತೆರೆದಿತ್ತು. ಅಂಗಡಿಗಳ ಪಕ್ಕದಿಂದ ಹಿಂದಿನ ಮೆಟ್ಟಿಲವರೆಗೆ, ಮನೆಯ ಗೋಡೆಗೂ ಕಾಂಪೌಂಡಿಗೂ ನಡುವೆ ಉದ್ದನೆಯ ಓಣಿ. ಅದರಲ್ಲಿ ಇಪ್ಪತ್ತು ವರ್ಷ ಒಂದು ಪುಟ್ಟ ಕಾರು ಸುಖವಾಗಿ ನಿಂತು ತುಕ್ಕು ಹಿಡಿದಿತ್ತು.

“ಅಗಲ ಎಷ್ಟು ಸಾರ್?” ಎಂದು ಮಾಧವ ಕಿಟಕಿಯಿಂದ ಕೇಳಿದ.

ಚಕ್ರಪಾಣಿ ಟೇಪು ಹಿಡಿದರು. “ಏಳಡಿ. ಕನ್ನಡಿ ಮಡಚಿದ್ರೆ ಎರಡು ಕಡೆಗೂ ಮೂರು ಮೂರು ಅಂಗುಲ ಸಿಗುತ್ತೆ. ಧಾರಾಳ.”

“ಟೈಮಾಯ್ತು ಮೇಷ್ಟ್ರೇ!” ಎಂದರು ಸಿದ್ದಲಿಂಗಯ್ಯ. ಕೀಗೊಂಚಲು ಸೊಂಟದಲ್ಲಿ ಝಣ್ ಎಂದಿತು.

ಮಾಧವ ಕನ್ನಡಿ ಮಡಚಿದ, ಉಸಿರು ಹಿಡಿದ, ಕಾರನ್ನು ಒಳಗೆ ಬಿಟ್ಟ. ಎಡಕ್ಕೂ ಬಲಕ್ಕೂ ಸುಣ್ಣದ ಗೋಡೆ ಮೂಗಿನ ಪಕ್ಕದಲ್ಲೇ ಹಾದು ಹೋಯಿತು. ಹತ್ತೂ ಇಪ್ಪತ್ತೊಂಬತ್ತಕ್ಕೆ ಹಿಂದಿನ ಬಂಪರು ಗೇಟು ದಾಟಿತು. ರಸ್ತೆಯಲ್ಲಿ ಚಪ್ಪಾಳೆ ಬಿತ್ತು. ಮಾಧವ ಎಂಜಿನ್ ಆಫ್ ಮಾಡಿ, ಕಣ್ಣು ಮುಚ್ಚಿ, ಒಂದು ಕ್ಷಣ ತನ್ನ ಬೋರ್ಡನ್ನು ನೆನೆದ. ಆಮೇಲೆ ಬಾಗಿಲು ತೆಗೆದ.

ಬಾಗಿಲು ಎರಡಂಗುಲ ತೆರೆಯಿತು; ಗೋಡೆಗೆ ತಾಗುವ ಮೊದಲೇ ಅವನು ನಿಲ್ಲಿಸಿದ. ಎಡಗಡೆಯದ್ದೂ ಅಷ್ಟೇ.

“ಇಳೀರಿ ಮೇಷ್ಟ್ರೇ, ಪೂಜೆ ಶುರು ಮಾಡಣ,” ಎಂದು ಮುಂದಿನಿಂದ ಸಿದ್ದಲಿಂಗಯ್ಯ ಕರೆದರು. ಅವರು ಪಕ್ಕದ ಇನ್ನೊಂದು ಅಂಗಡಿಯೊಳಗಿಂದ ಹಾದು ಓಣಿಯ ಆಚೆ ತುದಿ ತಲುಪಿದ್ದರು.

“ಆಗ್ತಿಲ್ಲ ಯಜಮಾನ್ರೇ.”

“ಯಾಕೆ?”

“ಧಾರಾಳ ಸಾಕಾಗಲಿಲ್ಲ.”

ಚಕ್ರಪಾಣಿ ಪರಿಸ್ಥಿತಿಯನ್ನು ಅಧ್ಯಯನ ಮಾಡಿದರು. ಕಿಟಕಿಯಿಂದ ಬರಲು ಗೋಡೆ ಅಡ್ಡ. ಹಿಂದಿನ ಡಿಕ್ಕಿಯಿಂದ ತೂರಿಕೊಂಡು ಬರಬಹುದಲ್ಲ ಎಂದರು. ಹಿಂದೆ ಎಂಜಿನ್ ಇದೆ, ಡಿಕ್ಕಿ ಮುಂದಿದೆ ಎಂದು ಕೈಲಾಸ್ ವಿವರಿಸಿದ. ಎಂಜಿನಿಯರರು ಕಾರನ್ನು ಹಿಂದಿನಿಂದ ಮುಂದಕ್ಕೆ ಇನ್ನೊಮ್ಮೆ ನೋಡಿ, “ಇಂಥವನ್ನೆಲ್ಲ ಯಾರು ಪಾಸ್ ಮಾಡ್ತಾರೆ?” ಎಂದರು.

“ಹಾಗಾದ್ರೆ ವಾಪಸ್ ಆಚೆ ತೆಗೀತೀನಿ,” ಎಂದ ಮಾಧವ. ಬೆಳಿಗ್ಗೆ ಬಿಲ್ಡರ್ ಬಲವಂತ ಮಾಡಿ ಎರಡು ಲೋಟ ಕಾಫಿ ಕುಡಿಸಿದ್ದ. ಅದು ಈಗ ಒಂದು ವಿಷಯವಾಗತೊಡಗಿತ್ತು.

“ರಾಹುಕಾಲದಲ್ಲಾ?” ಎಂದು ಮೆಟ್ಟಿಲಿನ ಮೇಲಿಂದ ಒಂದು ಧ್ವನಿ ಬಂತು. ಸಿದ್ದಲಿಂಗಯ್ಯನವರ ತಾಯಿ ಈಶ್ವರಮ್ಮ. ವಯಸ್ಸು ಎಂಬತ್ತೇಳು, ಆ ಮನೆಯಲ್ಲಿ ಅವರ ಮಾತಿಗೆ ಮೇಲ್ಮನವಿ ಇರಲಿಲ್ಲ. “ಒಳಗೆ ಬಂದ ಹೊಸ ಗಾಡಿ ರಾಹುಕಾಲದಲ್ಲಿ ಬೀದಿಗೆ ಹೋಗ್ತದಾ? ಹನ್ನೆರಡಾಗ್ಲಿ.”

“ಹನ್ನೆರಡಾ ಅಜ್ಜಿ?” ಎಂದ ಮಾಧವ, ಸಣ್ಣ ಧ್ವನಿಯಲ್ಲಿ.

ಈಶ್ವರಮ್ಮ ಕಣ್ಣು ಕಿರಿದು ಮಾಡಿ ಗಾಜಿನೊಳಗೆ ನೋಡಿದರು. “ಇದ್ಯಾರೋ ಸಿದ್ದಾ? ಗಾಡಿ ಜೊತೆ ಡ್ರೈವರ್ನೂ ಕೊಟ್ಟವ್ರಾ?”

“ಹಾಗೇ ಅಂದ್ಕೊಳಮ್ಮ,” ಎಂದರು ಸಿದ್ದಲಿಂಗಯ್ಯ, ಬೇಗ ಮುಗಿಯಲಿ ಎಂದು.

ಪೂಜೆ ನಡೆಯಿತು. ಅಯ್ಯನವರು ಮೂತಿಯ ಮೇಲೆ ವಿಭೂತಿ ಎಳೆದು, ಗಾಜಿನ ಮೇಲೆ ಕುಂಕುಮ ಇಟ್ಟು, ತಂಬಿಗೆಯಿಂದ ನೀರು ಎರಚಿದರು. ಅಭ್ಯಾಸಬಲದಿಂದ ಮಾಧವ ವೈಪರ್ ಹಾಕಿದ, ಕುಂಕುಮ ಅರ್ಧಚಂದ್ರವಾಯಿತು. ಕಮಲಾದೇವಿ ಆರತಿ ಎತ್ತಿದಾಗ ಅವನು ಒಳಗಿನಿಂದಲೇ ಕೈ ಮುಗಿದ. ಅಕ್ಕಪಕ್ಕದ ಹೆಂಗಸರು ಒಬ್ಬೊಬ್ಬರಾಗಿ ಬಂದು ಕಾರಿಗೆ ಅಕ್ಷತೆ ಹಾಕಿ, ಒಳಗಿದ್ದವನಿಗೆ ನಮಸ್ಕರಿಸಬೇಕೋ ಬೇಡವೋ ಎಂದು ಅನುಮಾನಿಸಿ, ಒಟ್ಟಿಗೆ ನಮಸ್ಕರಿಸಿ ಹೋದರು. ಕುಂಬಳಕಾಯಿಯನ್ನು ಆಚೆ ಗೇಟಿನ ಹತ್ತಿರ ಒಡೆದರು. ತೆಂಗಿನಕಾಯಿಯ ಹೋಳುಗಳನ್ನು ಎಂಜಿನ್ ಇಲ್ಲದ ಮೂತಿಯೊಳಗಿಟ್ಟರು.

ಹನ್ನೊಂದು ಗಂಟೆಗೆ ಕಮಲಾದೇವಿಗೆ ಮರುಕ ಬಂತು. ಜೇಡರಬಲೆ ತೆಗೆಯುವ ಕೋಲಿನ ತುದಿಗೆ ಪ್ಲಾಸ್ಟಿಕ್ ಕವರ್ ಕಟ್ಟಿ, ಅದರಲ್ಲಿ ಎರಡು ಹೋಳಿಗೆ ಇಟ್ಟು, ಗೋಡೆಗೂ ಕಾರಿಗೂ ನಡುವಿನ ಸಂದಿಯಲ್ಲಿ ಕಿಟಕಿಯವರೆಗೂ ತಳ್ಳಿದರು.

“ತಿನ್ನಿ ಮೇಷ್ಟ್ರೇ. ಪಾನಕ ಕಳಿಸ್ಲಾ?”

“ಬೇಡಮ್ಮ! ಪಾನಕ ಮಾತ್ರ ಬೇಡ.”

ಹನ್ನೊಂದೂ ಹತ್ತಕ್ಕೆ ಮಾಧವನ ಮುಖ ನೋಡಿದವರಿಗೆ ಪಾನಕ ಯಾಕೆ ಬೇಡವೆಂಬುದು ತಿಳಿಯುವಂತಿತ್ತು. ಅವನ ತಲೆ ಈಗ ಎಂದಿಗಿಂತ ಚುರುಕಾಗಿ ಓಡುತ್ತಿತ್ತು. ಈ ಬೀದಿಯಲ್ಲಿ ಈ ಬಾಗಿಲು ಪೂರ್ತಿ ತೆರೆಯುವ ಜಾಗ ಎಲ್ಲಿದೆ? ಅಗಲ ಬೇಕು. ನೆಲ ರಸ್ತೆಯ ಮಟ್ಟಕ್ಕೆ ಇರಬೇಕು. ರಾಹುಕಾಲಕ್ಕೆ ಮರೆಯಾಗಿರಬೇಕು. ಕಾರಿನ ಉದ್ದ ಹದಿನಾಲ್ಕೂವರೆ ಅಡಿ.

“ಅಂಗಡಿ!” ಎಂದು ಕೂಗಿದ. “ಯಜಮಾನ್ರೇ, ಅಂಗಡಿ ಒಳಗೆ ತಗೋತೀನಿ! ಷಟರ್ ಹತ್ತಡಿ ಇದೆ, ಆಳ ಹದಿನೇಳಿದೆ. ನಾನೇ ಅಳೆದಿದ್ದೀನಿ. ಐದೇ ನಿಮಿಷ!”

“ಬೀದಿಗೆ ಇಳೀಬೇಕಲ್ಲ,” ಎಂದರು ಈಶ್ವರಮ್ಮ.

ಎಲ್ಲರೂ ಚಕ್ರಪಾಣಿಯವರನ್ನು ನೋಡಿದರು. ಅವರು ಗಲ್ಲ ಕೆರೆದುಕೊಂಡರು.

“ಮನೆ, ಅಂಗಡಿ ಎರಡೂ ಒಂದೇ ಸೈಟು, ಒಂದೇ ಖಾತಾ,” ಎಂದು ತೀರ್ಪು ಕೊಟ್ಟರು. “ಇದು ಬೀದಿಗೆ ಹೋದ ಹಾಗಲ್ಲಮ್ಮ. ಹಾಲಿನಿಂದ ರೂಮಿಗೆ ಹೋದ ಹಾಗೆ.”

ಈಶ್ವರಮ್ಮ ಯೋಚಿಸಿದರು. “ನಡುವೆ ಎಲ್ಲೂ ನಿಲ್ಲಿಸಕೂಡದು,” ಎಂದರು.

ಮಾಧವ ಸ್ಟಾರ್ಟ್ ಮಾಡಿದ. ಅಂಚೆ ಪೆಟ್ಟಿಗೆಯ ಬಾಯಿಯಲ್ಲಿ ಸಪ್ಪಲಮ್ಮನ ಸೀರೆಯ ಅಂಚು ಮಾತ್ರ ಕಾಣುತ್ತಿತ್ತು. ಚಕ್ರಪಾಣಿ “ಬರ್ಲಿ, ಬರ್ಲಿ” ಎಂದರೆ ಸಪ್ಪಲಮ್ಮ “ನಿಲ್ಸಣ್ಣೋ” ಎನ್ನುತ್ತಿದ್ದಳು. ಕೈಲಾಸ್ ಲೆಫ್ಟ್ ಎಂದು ಬಲಗೈ ತೋರಿಸುತ್ತಿದ್ದ. ಅವನು ಟೆಸ್ಟಿನಲ್ಲಿ ಫೇಲಾದದ್ದೂ ಹೀಗೇ. ಮಾಧವ ಯಾರ ಮಾತನ್ನೂ ಕೇಳಲಿಲ್ಲ. ಎರಡು ಗೋಡೆಗಳ ನಡುವೆ ಇಪ್ಪತ್ತಡಿ ಹಿಂದಕ್ಕೆ ನೂಲು ಹಿಡಿದ ಹಾಗೆ ಬಂದ, ಗೇಟು ದಾಟಿದ, ಮೂತಿ ತಿರುಗಿಸಿದ, ಅಂಗಡಿಗೆ ಬೆನ್ನು ಕೊಟ್ಟ. ಅಷ್ಟರಲ್ಲಿ ಸಿದ್ದಲಿಂಗಯ್ಯ ಗೊಂಚಲನ್ನು ಸೊಂಟದಿಂದ ಬಿಚ್ಚದೆ, ಬಗ್ಗಿಕೊಂಡೇ ಬೀಗ ತೆಗೆದು ಷಟರ್ ಎತ್ತಿದ್ದರು.

“ಒಳಗೆ ಬೋರ್ಡು ಅಡ್ಡ ಇದೆ ಸಾರ್,” ಎಂದ ಕೈಲಾಸ್.

“ತೆಗೆದು ಆಚೆ ಇಡು, ಬೇಗ!” ಎಂದ ಮಾಧವ.

ಕೈಲಾಸ್ ಬೋರ್ಡನ್ನು ಎತ್ತಿ ತಂದು ಎದುರಿನ ಲೈಟುಕಂಬಕ್ಕೆ ಒರಗಿಸಿದ. ಮಾಧವ ಮೆಟ್ಟಿಲಿಲ್ಲದ ಆ ನಯವಾದ ಸಿಮೆಂಟಿನ ಮೇಲೆ, ತಾನೇ ಹಾಕಿಸಿದ ಆ ಇಳಿಜಾರಿನ ಮೇಲೆ, ಒಂದು ಬೆರಳೂ ಅಳೆಯದೆ ಒಂದೇ ಸಲಕ್ಕೆ ಕಾರನ್ನು ಒಳಗೆ ಬಿಟ್ಟ. ಬಾಗಿಲು ತೆರೆದ. ಅದು ತೆರೆಯುತ್ತಲೇ ಹೋಯಿತು. ಕೈಯೂರಿ, ಮಂಡಿ ಆಚೆ ಇಟ್ಟು, ಎದ್ದು, ಯಾರನ್ನೂ ನೋಡದೆ ಅಂಗಡಿಯ ಹಿಂಬಾಗಿಲಿನ ಕಡೆ ಓಡಿದ.

ವಾಪಸು ಬರುವಾಗ ಅವನ ಮನಸ್ಸು ಹಗುರವಾಗಿತ್ತು. ಗೆರೆ ಬಿದ್ದಿರಲಿಲ್ಲ. ಮುಹೂರ್ತ ತಪ್ಪಿರಲಿಲ್ಲ. ಹೋಳಿಗೆ ಕೂಡ ಚೆನ್ನಾಗಿತ್ತು.

ಅಂಗಡಿಯ ಎದುರು ಬೀದಿಯವರೆಲ್ಲ ಸೇರಿದ್ದರು. ಚಕ್ರಪಾಣಿ ಟೇಪು ಮಡಚಿ ಜೇಬಿಗಿಟ್ಟುಕೊಳ್ಳುತ್ತಿದ್ದರು.

“ಇದಕ್ಕೇ ಅಂತ ಅಳತೆ ಕೊಟ್ಟು ಕಟ್ಸಿದ ಹಾಗಿದೆ,” ಎಂದರು. “ಎರಡು ಬಾಗಿಲೂ ತೆಗೀಬಹುದು. ಮಳೆ ಬೀಳಲ್ಲ. ಆ ಸ್ಲೋಪ್ ನೋಡಿ, ಯಾರ ಕೆಲಸ ಅದು? ಬ್ಯೂಟಿಫುಲ್.”

ಸಿದ್ದಲಿಂಗಯ್ಯ ಷಟರನ್ನು ನಿಧಾನವಾಗಿ ಕೆಳಗೆಳೆದರು. ಅದು ಕಾರಿನ ಮೂತಿಗೆ ಒಂದು ಗೇಣು ಆಚೆ ನೆಲ ಮುಟ್ಟಿತು. ಮತ್ತೆ ಎತ್ತಿದರು. ಮತ್ತೆ ಇಳಿಸಿದರು. ಅವರ ಮುಖದ ಮೇಲೆ ಒಂದು ಶಾಂತಿ ಕಾಣಿಸಿಕೊಂಡಿತು.

“ಯಜಮಾನ್ರೇ,” ಎಂದ ಮಾಧವ. “ಹನ್ನೆರಡಾದ ಮೇಲೆ ಇದನ್ನ ಎಲ್ಲಿಗೆ ತೆಗೆಯೋಣ?”

“ಎಲ್ಲಿಗೆ ತೆಗೀತೀರಿ ಮೇಷ್ಟ್ರೇ? ಓಣೀಲಿ ನಿಲ್ಸಿದ್ರೆ ಇಳಿಯಕ್ಕಾಗಲ್ಲ. ಬೀದೀಲಿ ನಿಲ್ಸಿದ್ರೆ ಹಾಲಿನವನು ಹತ್ತಿಸ್ಕೊಂಡು ಹೋಗ್ತಾನೆ.”

“ಆದ್ರೆ ನನ್ನ ಸ್ಕೂಲು...”

“ಅದೇ ಯೋಚನೆ ಮಾಡ್ತಿದ್ದೆ.” ಸಿದ್ದಲಿಂಗಯ್ಯ ಗೊಂಚಲನ್ನು ಬಿಚ್ಚಿ, ಒಂದು ಬೀಗದ ಕೈಯನ್ನು ಉಗುರಿನಿಂದ ಬಿಡಿಸಿದರು. ಹದಿನಾಲ್ಕು ತಿಂಗಳಲ್ಲಿ ಅದು ಮಿಕ್ಕವುಗಳಿಂದ ಬೇರೆಯಾದದ್ದನ್ನು ಮಾಧವ ನೋಡಿದ್ದು ಅದೇ ಮೊದಲು. ಹಿತ್ತಾಳೆಯದು, ಚಿಕ್ಕದು, ಅವನು ಅಂದುಕೊಂಡಿದ್ದಕ್ಕಿಂತ ಬೆಚ್ಚಗೆ ಹೊಳೆಯುತ್ತಿತ್ತು. “ನಾನು ಮಾತು ತಪ್ಪೋನಲ್ಲ. ಅಂಗಡಿ ಕೀ ನಿಮ್ಮ ಕೈಗೆ ಅಂದಿದ್ದೆ, ನಿಮ್ಮ ಕೈಗೇ. ಬೆಳಿಗ್ಗೆ ಬಂದು ಆಚೆ ತೆಗೀರಿ, ಕೈಲಾಸನ್ನ ಒಂದು ಸುತ್ತು ಕರ್ಕೊಂಡು ಹೋಗಿ, ಸಂಜೆ ಒಳಗೆ ಬಿಡಿ. ಹಂಪು ಬಂದ್ರೆ ಅವನು ಇಳೀತಾನೆ, ಅಭ್ಯಾಸ ಆಗಿದೆ. ನಿಮ್ಮನ್ನ ಬಿಟ್ರೆ ಯಾರಿಗೂ ಈ ಗಾಡಿ ಅಳತೆ ಗೊತ್ತಿಲ್ಲ. ನಮ್ಮಮ್ಮನೂ ನಿಮ್ಮನ್ನ ಡ್ರೈವರ್ ಅಂತ ಒಪ್ಕೊಂಡಾಗಿದೆ.”

ಲೈಟುಕಂಬಕ್ಕೆ ಒರಗಿದ್ದ ಬೋರ್ಡಿನ ನೆರಳಿಗೆ ಸಪ್ಪಲಮ್ಮ ಆಗಲೇ ಹೂವಿನ ಬುಟ್ಟಿಗಳನ್ನು ಸರಿಸಿಕೊಂಡಿದ್ದಳು.

“ತಗೊಳ್ಳಿ,” ಎಂದು ಸಿದ್ದಲಿಂಗಯ್ಯ ಬೀಗದ ಕೈಯನ್ನು ಮಾಧವನ ಅಂಗೈಯ ಹತ್ತಿರಕ್ಕೆ ತಂದರು. ಎರಡು ಬೆರಳಿನಷ್ಟು ದೂರ ಉಳಿದಿತ್ತು.

“ಬೇಡ,” ಎಂದ ಮಾಧವ.